ಓಡುವ ಎಂಜಿನ್ನಿನ ಚಾವಿ

ಚಾವಿ ಇನ್‌ಸ್ಪೆಕ್ಟರ್ ಬಸಂತರಾಯನ ಅಂಗೈಯಲ್ಲಿತ್ತು. ಎಂಜಿನ್ನು ಮಾತ್ರ ಓಡುತ್ತಲೇ ಇತ್ತು.

ಲಾರಿಯ ಮುಂದೆ ನಿಂತಿದ್ದ ಮಾಲೀಕ ಶ್ರೀಶೈಲಪ್ಪ ಆ ಅಂಗೈಯನ್ನು ನೋಡಿದ, ಬಸಂತರಾಯನ ಮುಖ ನೋಡಿದ, ಆಮೇಲೆ ಅಂಗಳದ ಗೇಟಿನ ಕಡೆ ನೋಡಿದ.

“ನೋಡಿದ್ರೇನ್ರಿ ಸಾವ್ಕಾರ್ರ? ಚಾವಿ ಕಿತ್ತೇನಿ. ಬಂದ್ ಆಗವಲ್ದು.”

“ಡೀಸಲ್ ಎಂಜಿನ್ ಐತ್ರಿ ಅದು. ಚಾವಿಗೆ ಹೆಂಗ ಬಂದ್ ಆಗ್ತೈತಿ? ಚಾವಿ ಚಾಲೂ ಮಾಡಾಕಷ್ಟ.”

“ಅಂದ್ರ ಇಬ್ರಾಹಿಂಸಾಬ ಹೇಳಿದ್ದು ಖರೆ.”

ಎಂಜಿನ್ನಿನ ಸದ್ದಿಗೆ ಪತ್ರಾಸ್ ತಗಡಿನ ಮಾಡು ನಡುಗುತ್ತಿತ್ತು.

ಬಸವನ ಬಾಗೇವಾಡಿಯ ಅಂಚಿನ ಇದೇ ಅಂಗಳದಲ್ಲಿ, ಕಳೆದ ಸೋಮವಾರ ಮಧ್ಯಾಹ್ನ, ಇದೇ ಲಾರಿಯ ನೆರಳಿಗೆ ಮಲಗಿದ್ದ ಡ್ರೈವರ್ ಸಿದ್ರಾಮನ ಎದೆಯ ಮೇಲೆ ಹಿಂದಿನ ಗಾಲಿ ಹತ್ತಿತ್ತು. ಚೀರಾಟ ಕೇಳಿ ಮೊದಲು ಓಡಿಬಂದವನು ಲಾರಿ ರಿಪೇರಿಯ ಮೇಸ್ತ್ರಿ ಇಬ್ರಾಹಿಂಸಾಬ. ಕ್ಯಾಬಿನ್ನಿಗೆ ಹತ್ತಿ ಎಂಜಿನ್ನು ನಿಲ್ಲಿಸಿದ. ಆಮೇಲೆ ಬಂದವರಿಗೆ ಕಂಡದ್ದು ಗಾಲಿಯ ಕೆಳಗೆ ಹೆಣ, ಮೇಲೆ ಕ್ಯಾಬಿನ್ನಿನಲ್ಲಿ ಅವನು.

“ನಾ ಬಂದಾಗ ಒಳಗ ಯಾರೂ ಇರಲಿಲ್ರಿ. ಚಾವಿನೂ ಇರಲಿಲ್ಲ. ಎಂಜಿನ್ ಓಡಾಕತ್ತಿತ್ತು” ಎಂದು ಅವನು ಹೇಳಿದ್ದ. ಸಬ್ ಇನ್‌ಸ್ಪೆಕ್ಟರ್ ಪರಮಾನಂದ ಜೀವಮಾನದಲ್ಲಿ ಓಡಿಸಿದ್ದು ಪೊಲೀಸ್ ಜೀಪೊಂದನ್ನೇ, ಅದು ಪೆಟ್ರೋಲಿನದು. ಚಾವಿ ತಿರುಗಿಸಿದರೆ ಸತ್ತಂತೆ ಸುಮ್ಮನಾಗುತ್ತಿತ್ತು. ಚಾವಿ ಇಲ್ಲದೆ ಓಡುವ ಎಂಜಿನ್ನಿನ ಕಥೆ ಕೇಳಿ ಅವನಿಗೆ ಸಿಟ್ಟು ಬಂತು. ಇಬ್ರಾಹಿಂಸಾಬನ ಬಲಗೈಯನ್ನು ಲಾಕಪ್ಪಿನ ಬಾಗಿಲ ಸಂದಿಗೆ ಇಡಿಸಿ, ಕಬ್ಬಿಣದ ಬಾಗಿಲನ್ನು ತಾನೇ ಎಳೆದು ಮುಚ್ಚಿದ. ನಟ್ಟು ಬಿಗಿಯುವ ಪಾನಾ ಹಿಡಿಯುವ ಕೈ ಅದು.

ಮೇಸ್ತ್ರಿ ತನ್ನ ಮಾತು ಬದಲಿಸಲಿಲ್ಲ. ಪರಮಾನಂದ ಇನ್ನೊಮ್ಮೆ ಮುಚ್ಚಿದ.

ಆ ಚಾವಿ ಸಿಕ್ಕದ್ದು ಮರುದಿನ. ಶ್ರೀಶೈಲಪ್ಪನ ಪಡಸಾಲೆಯಲ್ಲಿ, ಅವನು ಕೂರುವ ಗಾದಿಯ ಮೇಲಿನ ಮೊಳೆಗೆ ತೂಗಿಕೊಂಡಿತ್ತು.

“ನಿಮ್ಮ ತಲಿ ಮ್ಯಾಲಿನ ಮೊಳಿ” ಎಂದ ಬಸಂತರಾಯ. “ನಿಮ್ಮ ಲಾರಿ. ಸತ್ತಾಂವ ನಿಮ್ಮ ಆಳು. ಹೋದ ವಾರ ಇಂಡಿ ಸಂತ್ಯಾಗ ಎಲ್ಲಾರ ಮುಂದ ಅವನ ಕಪಾಳಕ್ಕ ಹೊಡದ್ರಿ. ಯಾಕ?”

“ಹೊಡದದ್ದು ಖರೆ.”

“ಯಾಕ ಅಂತ ಕೇಳಿದೆ.”

ಶ್ರೀಶೈಲಪ್ಪ ಲಾರಿಯ ಬಾನೆಟ್ಟನ್ನು ಕೈಯಿಂದ ಗುದ್ದಿದ. “ಇದರ ಸಲುವಾಗಿ! ಈ ದರಿದ್ರ ಎಂಜಿನ್ ಸಲುವಾಗಿ! ಪೆಟ್ರೋಲ್ ಎಂಜಿನ್ ಇತ್ರಿ ಇದಕ್ಕ. ಹೋದ ವರ್ಷ ಪೆಟ್ರೋಲ್ ರೇಟು ಏರಿತು, ಬಾಡಿಗಿ ರೊಕ್ಕ ಎಲ್ಲಾ ಪೆಟ್ರೋಲ್ ಟಾಕಿಗೇ ಹೋಗಾಕತ್ತಿತು. ಎಲ್ಲಾರೂ ಡೀಸಲ್ ಹಾಕಸ್ರಿ ಅಂದ್ರು. ಸೊಲ್ಲಾಪುರದಾಗ ಹಳೇದು ಒಂದು ಹಿಡದು ತಂದೆ, ಇಬ್ರಾಹಿಂ ಕೂಡಿಸಿದ. ಓಡ್ತು. ಹೊಗಿ ಬಿಡ್ತು, ಆದ್ರ ಓಡ್ತು. ಅಷ್ಟರಾಗ ಈ ಹೊಸಾ ಹುಕುಂ ಬಂತು.”

ಹುಕುಮಿನ ವಿಷಯ ಬಸಂತರಾಯನಿಗೆ ಗೊತ್ತಿತ್ತು. ಕರಿ ಹೊಗೆ ಬಿಡುವ ಲಾರಿ ರಸ್ತೆಗೆ ಇಳಿಯುವಂತಿಲ್ಲ. ತಪಾಸಣೆಯವರು ಬಂದು ಡೀಸೆಲ್ ಪಂಪಿನ ತಿರುಪನ್ನು ಬಿಗಿದು, ಎಂಜಿನ್ನಿಗೆ ಎಣ್ಣೆ ಕಡಿಮೆ ಹೋಗುವಂತೆ ಮಾಡಿ, ತಿರುಪಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿ ಹೋಗಿದ್ದರು. ಮುದ್ರೆ ಒಡೆದರೆ ಲಾರಿ ಜಪ್ತು.

“ಹೊಗಿ ನಿಂತಿತು. ಅದರ ಸಂಗಾಟ ಜೋರೂ ನಿಂತಿತು. ಮಾಲ್ ತುಂಬಿದ್ರ ಏರು ಹತ್ತವಲ್ದು. ಇಂಡಿ ಹಾದಿಯಾಗ ಏರಿನ ನಡುವ ಸೋತು, ಹಿಂದಕ್ಕ ಉರುಳಿ, ಒಬ್ಬ ಮುದುಕಿಯ ಮ್ಯಾಲೆ ಹೋಗೋದು ಸ್ವಲ್ಪದರಾಗ ತಪ್ಪೇತ್ರಿ. ಮುದ್ರಿ ಒಡಿ ಅಂದೆ ಸಿದ್ರಾಮಗ. ಅಂವ ಒಲ್ಲೆ ಅಂದ. ಮಾಲ್ ಅರ್ಧ ಇಳಸ್ರಿ ಅಂದ. ಹೊಡದೆ.”

“ಮೇಸ್ತ್ರಿಗೂ ಅಂದ್ರೇನು, ಒಡಿ ಅಂತ?”

“ಅಂದೆ. ಅಂವನೂ ಒಲ್ಲೆ ಅಂದ. ಇಬ್ಬರೂ ಕೂಡಿ ನನಗ ಕಾಯ್ದೆ ಹೇಳಾಕ ಬಂದ್ರು.”

“ಒಬ್ಬ ಸತ್ತ. ಒಬ್ಬ ಲಾಕಪ್ಪಿನ್ಯಾಗ ಅದಾನ. ನಿಮಗ ಚಲೋ ಆತಲ್ಲ.”

ಶ್ರೀಶೈಲಪ್ಪನ ಮುಖ ಕೆಂಪೇರಿತು. ಅವನು ದಪ್ಪಗಿನ, ಗಟ್ಟಿ ಧ್ವನಿಯ ಮನುಷ್ಯ. ಎದುರುಮಾತು ಕೇಳಿ ಅಭ್ಯಾಸವಿಲ್ಲ. ಕ್ಯಾಬಿನ್ನಿನ ಬಾಗಿಲು ತೆರೆದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಒಳಗೆ ಕೈ ಹಾಕಿದ. ಸ್ಟೇರಿಂಗಿನ ಕೆಳಗೆ, ಕತ್ತಲಲ್ಲಿ, ಒಂದು ತಂತಿಗೆ ಮರದ ಗುಂಡು ಸಿಕ್ಕಿಸಿತ್ತು. ನೋಡದೆಯೇ ಅದನ್ನು ಹಿಡಿದು ಎಳೆದ.

ಎಂಜಿನ್ನು ಕೆಮ್ಮಿ ನಿಂತುಬಿಟ್ಟಿತು.

ಅಂಗಳದಲ್ಲಿ ಒಮ್ಮೆಲೇ ಮೌನ. ಬೇಲಿಯಾಚೆ ಯಾರೋ ಹೆಂಗಸು ಕೋಳಿ ಕರೆಯುವುದು ಕೇಳಿಸಿತು.

“ಕಣ್ಣ ಕಟ್ಟಿದ್ರೂ ಎಳೀತೇನಿ” ಎಂದ ಶ್ರೀಶೈಲಪ್ಪ, ಉಸಿರು ಬಿಡುತ್ತ. “ನಾ ಕೊಲ್ಲಬೇಕಂದಿದ್ರ ಎಂಜಿನ್ ಬಂದ್ ಮಾಡೇ ಇಳೀತಿದ್ದೆ ಸಾಹೇಬ್ರ. ಊರ ಮಂದಿನ ಕರಿಯಾಕ ಓಡಿಸಿಬಿಟ್ಟು ಹೋಗ್ತಿದ್ದೆನೇನು?”

ಬಸಂತರಾಯ ಬಹಳ ಹೊತ್ತು ಆ ಮರದ ಗುಂಡನ್ನು ನೋಡಿದ. ತನಿಖೆಗೆಂದು ಬಿಜಾಪುರದಿಂದ ಬರುವಾಗ ಬಸ್ಸಿನ ಡ್ರೈವರನೂ ಹೀಗೆಯೇ ಕೆಳಗೆ ಕೈ ಹಾಕಿ ಎಳೆದದ್ದನ್ನು ಅವನು ಕಂಡಿದ್ದ. ಅದನ್ನು ನೋಡಿದ ಮೇಲೆಯೇ ಇಬ್ರಾಹಿಂಸಾಬನ ಮಾತಿನ ಮೇಲೆ ಅವನಿಗೆ ನಂಬಿಕೆ ಬಂದದ್ದು. ಶ್ರೀಶೈಲಪ್ಪ ಈಗ ಹೇಳಿದ್ದೂ ಸುಳ್ಳಲ್ಲ ಎನಿಸಿತು. ಕೊಂದವನು ಎಂಜಿನ್ನು ನಿಲ್ಲಿಸಲು ನೋಡಿದ್ದ. ಚಾವಿ ತಿರುಗಿಸಿ, ಕಿತ್ತುಕೊಂಡು ಇಳಿದಿದ್ದ. ನಿಲ್ಲದಿದ್ದಾಗ ಗಾಬರಿಯಾಗಿ ಓಡಿದ್ದ. ಓಡುವ ಗಾಬರಿಯಲ್ಲೂ ಚಾವಿಯನ್ನು ಒಯ್ದು ಮೊಳೆಗೆ ಹಾಕಿದ್ದ.

ಗಾಬರಿಯಾದವನು ಚಾವಿಯನ್ನು ಬಾವಿಗೆ ಒಗೆಯುತ್ತಾನೆ, ಹೊಲಕ್ಕೆ ಎಸೆಯುತ್ತಾನೆ. ಮೊಳೆಗೆ ಏಕೆ ತೂಗುಹಾಕಬೇಕು?

“ಈ ಲಾರಿ ಚಾವಿ ದಿನಾ ಮೊಳಿಗೇ ಇರ್ತಿತ್ತೇನು?”

“ಇಲ್ರಿ. ಸಿದ್ರಾಮ ಎಂದೂ ಕೀಳ್ತಿರಲಿಲ್ಲ. ಚಾವಿ ಗಾಡ್ಯಾಗ ತುಕ್ಕ ಹಿಡದಿತ್ತು.”

“ಮತ್ತ ಆ ಮೊಳಿ ಯಾಕ ಹೊಡದದ್ದು?”

“ಅದು ನಮ್ಮ ಇನ್ನೊಂದು ಲಾರಿ, ಪೆಟ್ರೋಲ್ ಲಾರಿ, ಅದರ ಚಾವಿಗಿ.” ಶ್ರೀಶೈಲಪ್ಪ ನಿರಾಳವಾಗಿ ಹೇಳಿದ. “ಅದರ ಡ್ರೈವರ್ ಮಡಿವಾಳಪ್ಪ ಹೊಡದದ್ದು ಆ ಮೊಳಿ. ನಮ್ಮಪ್ಪನ ಕಾಲದಾಗ. ಗಾಡಿ ಇಳದಾಂವನ ಸೀದಾ ಬಂದು ಚಾವಿ ಮೊಳಿಗೆ ಹಾಕಿ, ನಮಸ್ಕಾರ ಮಾಡಿ ಹೋಗ್ತಾನ. ಅಂಥಾ ಶಿಸ್ತಿನ ಡ್ರೈವರ್ ಈ ಬಾಗೇವಾಡ್ಯಾಗ ಇನ್ನೊಬ್ಬ...”

ಮಾತು ಅಲ್ಲಿಗೆ ನಿಂತಿತು.

ಬಸಂತರಾಯ ಅಂಗೈಯ ಚಾವಿಯನ್ನು ತಿರುವಿ ನೋಡಿದ. ಕಾಯ್ದ.

“ಅಂವಲ್ರಿ” ಎಂದ ಶ್ರೀಶೈಲಪ್ಪ. ಈಗ ಧ್ವನಿ ಸಣ್ಣದಾಗಿತ್ತು. “ಅಂವ ದೇವರಂಥಾ ಮನಷ್ಯಾ.”

ಅದನ್ನು ಬಸಂತರಾಯನೂ ಕಣ್ಣಾರೆ ಕಂಡಿದ್ದ. ಈ ದಿನ ಮುಂಜಾನೆ ಠಾಣೆಗೆ ಹೋದಾಗ, ಲಾಕಪ್ಪಿನ ಸರಳುಗಳ ಮುಂದೆ ನರೆತ ಮೀಸೆಯ ಮುದುಕ ಮಡಿವಾಳಪ್ಪ ಕುಳಿತು ಜೋಳದ ರೊಟ್ಟಿಯನ್ನು ಚೂರು ಚೂರಾಗಿ ಮುರಿದು, ಹಿಂಡಿಪಲ್ಯೆಗೆ ಒತ್ತಿ, ಇಬ್ರಾಹಿಂಸಾಬನ ಬಾಯಿಗೆ ಇಡುತ್ತಿದ್ದ. ಮೇಸ್ತ್ರಿಯ ಬೆರಳುಗಳು ಊದಿ ಬದನೆಕಾಯಿಯಂತಾಗಿದ್ದವು; ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಒಂದು ಚೂರು ನೆಲಕ್ಕೆ ಬಿದ್ದಾಗ ಮುದುಕ ಅದನ್ನು ತಾನು ತಿಂದು, ಒಳ್ಳೆಯದನ್ನು ಅವನಿಗೆ ಕೊಟ್ಟ. ಬಾಗಿಲಲ್ಲಿ ನಿಂತಿದ್ದ ಪೇದೆ ಧರೆಪ್ಪ, ಕೈಕೋಳ ಗಾಯಕ್ಕೆ ತಗಲದಿರಲೆಂದು ತನ್ನ ಟವೆಲನ್ನು ಹರಿದು ಮೇಸ್ತ್ರಿಯ ಮಣಿಕಟ್ಟಿಗೆ ಸುತ್ತುತ್ತಿದ್ದ. ಆ ಇಬ್ಬರನ್ನು ನೋಡಿ ಬಸಂತರಾಯನ ಮನಸ್ಸು ಹಗುರವಾಗಿತ್ತು.

ಹಗುರವಾದ ಮನಸ್ಸಿನಿಂದಲೇ ಅವನು ಅಲ್ಲಿ ಒಂದು ಮಾತು ಆಡಿಬಿಟ್ಟಿದ್ದ. “ಇಬ್ರಾಹಿಂಸಾಬ, ನೀ ಚಾವಿದು ಹೇಳಿದ್ದು ಖರೆ ಐತಿ ಅಂತ ನನಗ ಗೊತ್ತಾಗೇತಿ. ಅದನ್ನ ನೀ ಕೋರ್ಟಿನ್ಯಾಗ ಹೇಳು. ಕೊಂದಾಂವನ್ನ ಆ ಚಾವಿನ ತೋರಸ್ತೈತಿ.”

ರೊಟ್ಟಿ ಮುರಿಯುತ್ತಿದ್ದ ಕೈ ಆಗ ಒಂದು ಗಳಿಗೆ ನಿಂತಿತ್ತು. ಸಂತೋಷಕ್ಕೆ ನಿಂತಿತೆಂದು ಬಸಂತರಾಯ ತಿಳಿದಿದ್ದ. ಮುದುಕ ಎದ್ದು, ಹೊರಗೆ ಹೋಗಿ, ಸಾಹೇಬರಿಗೆಂದು ಕಾಗದದ ಪೊಟ್ಟಣದಲ್ಲಿ ಬಿಸಿ ಶೇಂಗಾ ತಂದುಕೊಟ್ಟಿದ್ದ. ಅದರ ಸಿಪ್ಪೆ ಈಗಲೂ ಬಸಂತರಾಯನ ಕೋಟಿನ ಜೇಬಿನಲ್ಲಿತ್ತು.

“ಮಡಿವಾಳಪ್ಪಗ ಈ ಡೀಸಲ್ ಓಡಸಾಕ ಬರ್ತಿತ್ತೇನು?”

“ಕಲೀತಿದ್ದ. ಸಿದ್ರಾಮ ಕಲಸ್ತಿದ್ದ. ದಿನಾ ಮಧ್ಯಾಹ್ನ, ಉಂಡ ಮ್ಯಾಲೆ, ಇಲ್ಲೇ ಅಂಗಳದಾಗ.” ಶ್ರೀಶೈಲಪ್ಪ ಲಾರಿಯ ಮೆಟ್ಟಿಲ ಮೇಲೆ ಕುಳಿತ. “ಒಂದು ದಿನ ಮುದುಕ ಗಾಡಿ ಹಿಂದಕ್ಕ ತಗೊಂಡ, ಚಾವಿ ತಿರುವಿದ, ಕಿತ್ತ, ಮೊಳಿಗೆ ಹಾಕಿದ, ಕೈ ತೊಳಕೊಂಡು ಉಣ್ಣಾಕ ಕುಂತ. ಗಾಡಿ ಇಲ್ಲಿ ಗಡಗಡಗಡ ಅಂತ ಓಡಾಕತ್ತೇತಿ! ನಾವು ಯಾರೂ ಹೇಳಲಿಲ್ಲ. ಹಮಾಲರೆಲ್ಲಾ ಬಂದು ನಿಂತ್ರು. ಊಟ ಮುಗಿಸೋ ತನಕ ನಕ್ಕದ್ದ ನಕ್ಕದ್ದು. ಅವಗ ಯಾಕ ನಗತಾರಂತ ಗೊತ್ತಾಗವಲ್ದು. ಅಂವನೂ ಸಂಗಾಟ ನಕ್ಕ.”

“ಸಿದ್ರಾಮ?”

“ಅಂವ ಇರಲಿಲ್ಲ ಆಗ. ಬಂದು ನೋಡಿದ. ಏನೂ ಅನ್ನದ ಹೋಗಿ ತಂತಿ ಎಳದು ಬಂದ್ ಮಾಡಿದ. ‘ಕಾಕಾ, ಮೊದಲನೇ ದಿನ ನಾನೂ ಮರತಿದ್ದೆ’ ಅಂದ. ಸುಳ್ಳ ಹೇಳಿದ. ಅಂವ ಮರೆಯಾಂವಲ್ಲ.”

“ಮತ್ತ ನೀವು?”

“ನಾನು...” ಶ್ರೀಶೈಲಪ್ಪ ತನ್ನ ಕೈಗಳನ್ನು ನೋಡಿಕೊಂಡ. “ಚ್ಯಾಷ್ಟಿ ಮಾಡಿದೆ. ‘ದೀಪಾವಳಿಗೆ ಪೆಟ್ರೋಲ್ ಲಾರಿಗೂ ಡೀಸಲ್ ಹಾಕಸಾಂವ ಅದೇನಿ ಮುದುಕಾ. ಹಳೇ ಎಂಜಿನ್ ಗುಜರಿಗೆ, ನೀ ಮನಿಗೆ’ ಅಂದೆ. ಎಲ್ಲಾರ ಮುಂದ ಅಂದೆ.”

“ಚ್ಯಾಷ್ಟಿ ಅಷ್ಟ ಏನು?”

“ಖರೇನ ಅಂದದ್ದು. ಚ್ಯಾಷ್ಟಿ ಮಾಡಿ ಅಂದೆ.”

“ಈಗೇನು ಮಾಡವ್ರು? ದೀಪಾವಳಿಗೆ?”

“ಈಗ? ಯಾಂವ ಹಾಕಸ್ತಾನ್ರಿ ಈ ರಕ್ತದ ಎಂಜಿನ್! ಆಳಿನ ತಿಂತು. ಇದನ್ನ ಕಿತ್ತು ಒಗೀತೇನಿ. ರೇಟು ಎಷ್ಟರ ಏರಲಿ, ಪೆಟ್ರೋಲ್ ಇರ್ಲಿ ಅಂತ ಮಡಿವಾಳಪ್ಪನೂ ಅಂದ. ಹೆಣಾ ಎತ್ತಿದ ದಿನಾನ ನನ್ನ ಕೈ ಹಿಡದು ಅತ್ತು ಅಂದ, ‘ಯಪ್ಪಾ, ಈ ಡೀಸಲ್ ಸವಾಸ ಬ್ಯಾಡ, ಇದು ಮಾಲೀಕನ ಮಾತ ಕೇಳೋ ಎಂಜಿನ್ ಅಲ್ಲ...’”

ಹೇಳುತ್ತ ಹೇಳುತ್ತ ಅವನ ಬಾಯಿ ತೆರೆದಂತೆಯೇ ಉಳಿಯಿತು.

ಬಸಂತರಾಯ ಅವನನ್ನು ನೋಡುತ್ತಲೇ ಇದ್ದ. ಮುದುಕನಿಗೆ ಸಿದ್ರಾಮನ ಮೇಲೆ ದ್ವೇಷವಿರಲಿಲ್ಲ. ಬಹುಶಃ ಪ್ರೀತಿಯೇ ಇತ್ತು. ಅವನಿಗೆ ಬೇಕಾಗಿದ್ದದ್ದು ಈ ಎಂಜಿನ್ನಿನ ಕೆಳಗೆ ಒಂದು ಹೆಣ. ಮಾಲೀಕ ಅದನ್ನು ನೋಡಿ ಡೀಸೆಲಿಗೆ ಹೆದರಬೇಕು, ಹಳೆಯ ಲಾರಿ ಉಳಿಯಬೇಕು, ಅದರ ಸೀಟಿನ ಮೇಲೆ ತಾನು ಉಳಿಯಬೇಕು. ಮಧ್ಯಾಹ್ನ ಈ ಅಂಗಳದಲ್ಲಿ ನಂಬಿ ಕಣ್ಣು ಮುಚ್ಚಿ ಮಲಗುತ್ತಿದ್ದವನು ಸಿದ್ರಾಮ ಒಬ್ಬನೇ.

“ಚಾವಿಗೆ ಬಂದ್ ಆಗೂದಿಲ್ಲಂತ ಅವಗ ಗೊತ್ತಾಗಿತ್ತಲ್ರಿ” ಎಂದ ಶ್ರೀಶೈಲಪ್ಪ, ಕೊನೆಯ ಆಸೆಯಿಂದ. “ಅಷ್ಟು ನಕ್ಕ ಮ್ಯಾಲೆ?”

“ತಲಿಗೆ ಗೊತ್ತಾಗಿತ್ತು. ಕೈಗೆ ಗೊತ್ತಾಗಿರಲಿಲ್ಲ.” ಬಸಂತರಾಯ ಟೋಪಿ ಎತ್ತಿಕೊಂಡ. “ಎಲ್ಲಿ ಅದಾನ ಈಗ?”

ಉತ್ತರ ಗೇಟಿನ ಕಡೆಯಿಂದ ಬಂತು.

“ಸಾವ್ಕಾರ್ರ... ಸಿಂದಗಿಗೆ ಹೋಗಾಕ ಯಾವದರ ಗಾಡಿ ಐತೇನ್ರಿ?”

ಇಬ್ರಾಹಿಂಸಾಬನ ಹೆಂಡತಿ ದಾವಲಬಿ. ಮೂರು ದಿನದಿಂದ ಠಾಣೆಯ ಬೇವಿನ ಗಿಡದ ಕೆಳಗೆ ಕುಳಿತಿದ್ದವಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಆದರೆ ಈ ದಿನ ಅದರಲ್ಲಿ ಏನೋ ಒಂದು ಗೆಲುವು ಇತ್ತು. ಬಸಂತರಾಯನನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಸಿಂದಗಿಗೆ ಯಾಕವ್ವಾ?” ಎಂದ ಬಸಂತರಾಯ.

“ಅವ್ರನ್ನ ಕೋರ್ಟಿಗೆ ಒಯ್ದಾರಲ್ರಿ. ಇಲ್ಲಿ ಮ್ಯಾಜಿಸ್ಟ್ರೇಟ್ ಸಾಹೇಬ್ರು ರಜಾದ ಮ್ಯಾಲೆ ಅದಾರಂತ, ಅದಕ್ಕ ಸಿಂದಗಿಗೆ. ನೀವು ಅಲ್ಲಿ ಖರೆ ಹೇಳಸ್ತೀರಿ, ಬಿಡಸ್ತೀರಿ ಅಂತ ಧರೆಪ್ಪಣ್ಣಾರು ಹೇಳಿದ್ರು. ನಿಮ್ಮ ಮಕ್ಕಳು ತಣ್ಣಗಿರಲಿ.”

“ಸಂಜಿಗೆ ನಾನ ಕರಕೊಂಡು ಹೋಗ್ತೇನಿ ಅಂದಿದ್ದೆ. ಈಗ ಯಾರು ಕಳಿಸಿದ್ರು?”

“ಪರಮಾನಂದ ಸಾಹೇಬ್ರು. ನೀವು ಬರೂದ್ರಾಗ ಒಯ್ದ ಮುಗಸ್ರಿ ಅಂತ ಬೈದ್ರು. ಜೀಪು ಚಾಲೂನ ಆಗವಲ್ದು. ಮಡಿವಾಳಪ್ಪ ಕಾಕಾರು ಮುಂಜಾನಿಂದ ಅಲ್ಲೇ ಇದ್ರಲ್ರಿ, ಬಾನೆಟ್ ತಗದು ನೋಡಿದ್ರು, ಇದು ಇವತ್ತು ಆಗೂದಲ್ಲ, ನಾ ಹೆಂಗೂ ಸಿಂದಗಿಗೆ ದನದ ಹಿಂಡಿ ತುಂಬಾಕ ಹೊಂಟೇನಿ, ಲಾರ್‍ಯಾಗ ಕೂಡ್ರಸ್ರಿ ಅಂದ್ರು.” ದಾವಲಬಿಯ ಕಣ್ಣು ತುಂಬಿತು. “ಹಿಂದ ಕಬ್ಬಿಣ ಕಾಯ್ತೈತಿ ಅಂತ ಚೀಲಾ ಹಾಸಿ ಕೂಡ್ರಿಸ್ಯಾರ್ರಿ. ಕೈಗೆ ಪೆಟ್ಟ ಆಗಬಾರದಂತ ಸರಪಳಿ ತಾವ ಲಾರಿಯ ಕಬ್ಬಿಣದ ಕಡೀಗೆ ಹಾಕ್ಯಾರ. ನಮ್ಮ ಪಾಲಿಗೆ ದೇವ್ರು.”

ಪೆಟ್ರೋಲ್ ಜೀಪನ್ನು ನಿಲ್ಲಿಸಲು ಮುದುಕ ಡ್ರೈವರನಿಗೆ ಏನು ಬೇಕು? ಬಾನೆಟ್ಟು ಎತ್ತಿ, ಒಂದು ಹಿಡಿಯಷ್ಟೂ ಇಲ್ಲದ ಸಾಮಾನನ್ನು ಕಿತ್ತು ಜೇಬಿಗಿಟ್ಟರೆ ಮುಗಿಯಿತು. ಬಸಂತರಾಯ ಅದನ್ನು ಯೋಚಿಸಿದ. ಆದರೆ ಅವನನ್ನು ಹೆದರಿಸಿದ್ದು ಇನ್ನೊಂದು.

“ನೀ ಯಾಕ ಹತ್ತಲಿಲ್ಲ ಆ ಲಾರಿ?”

“ಹತ್ತಾಕ ಹೋದೆ. ಕಾಲಿಗಿ ಬಿದ್ದೆ. ಕಾಕಾರು ಒಲ್ಲೆ ಅಂದ್ರು. ‘ನೀ ಬ್ಯಾಡ ತಂಗಿ, ನಿನಗ ಮಕ್ಕಳದಾವ’ ಅಂದ್ರು. ಕೈ ಹಿಡದು ಕೆಳಗ ಇಳಿಸಿದ್ರು. ತಲಿ ಮ್ಯಾಲೆ ಕೈ ಇಟ್ರು.”

ಶ್ರೀಶೈಲಪ್ಪ ಎದ್ದು ನಿಂತ. ಚಾವಿಯ ಮಾತು ಹೇಳುವವನು ಕೋರ್ಟು ಮುಟ್ಟಬಾರದೆಂದೇ ಮುದುಕ ಅವನನ್ನು ಲಾರಿಗೆ ಬಿಗಿದಿದ್ದನೆಂದು ಅವನಿಗೂ ಅರ್ಥವಾಗಿತ್ತು. ಅರ್ಥವಾಗದೆ ಉಳಿದವಳು ದಾವಲಬಿ ಒಬ್ಬಳೇ. ಇಬ್ಬರ ಮುಖವನ್ನೂ ನೋಡುತ್ತ ಆ ಗೆಲುವನ್ನು ಇನ್ನೂ ಹಿಡಿದುಕೊಂಡೇ ನಿಂತಿದ್ದಳು.

“ಸಿಂದಗಿ ಹಾದಿಯಾಗ ನೀರು ಎಲ್ಲಿ ಐತಿ?” ಎಂದ ಬಸಂತರಾಯ.

“ಡೋಣಿ ಹೊಳಿ” ಎಂದ ಶ್ರೀಶೈಲಪ್ಪ. “ಸಾತಿಹಾಳ ಹತ್ರ. ನಿನ್ನೆ ಮ್ಯಾಗಡೆ ಮಳಿ ಆಗೇತಿ. ತುಂಬಿ ಹರಿಯಾಕತ್ತೇತಿ. ಹಾದಿ ಇಳಕಲ ಐತಿ, ಸೀದಾ ನೀರಿಗೇ...”

“ಚಾಲೂ ಮಾಡ್ರಿ.”

“ಯಾವದು?”

“ಇದನ್ನ. ಇನ್ಯಾವದೈತಿ ಈ ಊರಾಗ?”

* * *

ಡೀಸೆಲ್ ಲಾರಿ ಬಾಗೇವಾಡಿಯ ಹೊರಗಿನ ಏರಿಗೆ ಬಂದಾಗ ಎತ್ತಿನ ಗಾಡಿಯಂತಾಯಿತು.

ಶ್ರೀಶೈಲಪ್ಪ ಕಾಲನ್ನು ಒತ್ತಿಯೇ ಹಿಡಿದಿದ್ದ. ಎಂಜಿನ್ನು ನರಳುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ. ಒಬ್ಬ ರೈತ ಸೈಕಲ್ಲು ತಳ್ಳಿಕೊಂಡು ಅವರನ್ನು ದಾಟಿ ಮುಂದೆ ಹೋದ. ಹೋಗುತ್ತ ಹಿಂದಿರುಗಿ ನೋಡಿ ನಕ್ಕ. ಖಾಲಿ ಲಾರಿಗೇ ಈ ಗತಿ.

“ಇನ್ನೂ ಜೋರ.”

“ಇಷ್ಟ ಐತ್ರಿ. ಮುದ್ರಿ ಇರೋ ತನಕ ಇಷ್ಟ. ಡೋಣಿ ತನಕ ಇಂಥಾ ಏರು ಇನ್ನೂ ಅದಾವು.”

“ಒಡೀರಿ ಮುದ್ರಿ.”

ಶ್ರೀಶೈಲಪ್ಪ ತಲೆ ತಿರುಗಿಸಿ ನೋಡಿದ. ಒಂದು ಕ್ಷಣ ಅವನ ಮುಖದಲ್ಲಿ ನಗುವಿನಂಥದೇನೋ ಸುಳಿದು ಹೋಯಿತು. “ಇದ ಮಾತ ನಾ ಅಂದಿದ್ದಕ್ಕ ಅವ್ರಿಬ್ಬರೂ ಒಲ್ಲೆ ಅಂದಿದ್ರು ಸಾಹೇಬ್ರ. ಒಡಿಯೂದು ಸಣ್ಣ ಕೆಲಸ. ಆದ್ರ ಇದು ಹೊಗಿ ಬಿಡ್ತೈತಿ. ಹೆಂಗ ಬಿಡ್ತೈತಿ ಅಂತ ನೀವು ನೋಡಿಲ್ಲ. ಎರಿ ಹೊಲದ ಸೀಮಿ ಇದು, ಗಿಡಾ ಇಲ್ಲ, ಮರಾ ಇಲ್ಲ. ನಾಕ ಹರದಾರಿ ಮ್ಯಾಲಿಂದ ಕಾಣ್ತೈತಿ.”

“ಅವಗ ಕನ್ನಡಿ ಐತಿ” ಎಂದ ಬಸಂತರಾಯ.

“ಐತಿ. ದಿನಾ ಮುಂಜಾನಿ ಒರಸ್ತಾನ.”

ಮುದ್ರೆ ಇದ್ದರೆ ಲಾರಿ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಡೆದರೆ ಮುಟ್ಟುತ್ತದೆ; ಬರುತ್ತಿದ್ದೇವೆಂದು ಮೊದಲೇ ಕೂಗಿ ಹೇಳುತ್ತದೆ. ಬಸಂತರಾಯ ರಸ್ತೆಯನ್ನು ನೋಡಿದ. ಹೆಸರುಕಾಳಿನ ಬೆಳೆ ಕಿತ್ತ ಬೋಳು ಹೊಲಗಳು ಆಕಾಶದ ತನಕ ಕರಿಬಟ್ಟೆ ಹಾಸಿದಂತೆ ಬಿದ್ದಿದ್ದವು. ಆ ಪೆಟ್ರೋಲ್ ಲಾರಿ ಎಲ್ಲಿದೆಯೆಂದು ಹೇಳಲು ಒಂದು ಎಳೆ ಹೊಗೆಯೂ ಇರಲಿಲ್ಲ.

ಇಬ್ಬರ ನಡುವೆ ಕುಳಿತಿದ್ದ ದಾವಲಬಿಗೆ ಈಗ ಎಲ್ಲವೂ ತಿಳಿದಿತ್ತು. ದಾರಿಯಲ್ಲಿ ಬಸಂತರಾಯನೇ ಹೇಳಿದ್ದ. ಅವಳು ಅಳಲಿಲ್ಲ. ತನ್ನ ತಲೆಯ ಮೇಲೆ, ಮುದುಕ ಕೈ ಇಟ್ಟಿದ್ದ ಜಾಗವನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸಿಕೊಂಡಳು.

“ಏನ ಯೋಚನಿ ಮಾಡಾಕತ್ತೀರಿ?” ಎಂದಳು. “ನನ್ನ ಗಂಡ ಸೋಮವಾರದಿಂದ ಖರೆ ಹೇಳಾಕತ್ತಾನ. ನೀವು ಇವತ್ತ ನಂಬೀರಿ. ಇನ್ನ ಏರ ಮ್ಯಾಲ ಕುಂತು ಯೋಚನಿ ಮಾಡ್ತೀರೇನು?”

ಬಸಂತರಾಯ ಇಳಿದ. ಬಾನೆಟ್ಟು ಎತ್ತಿದ. ಶ್ರೀಶೈಲಪ್ಪ ತೋರಿಸಿದ ಕಡೆ ಪಂಪಿನ ಪಕ್ಕದಲ್ಲಿ ಹುಣಸೆಬೀಜದಷ್ಟು ಸೀಸ ತೂಗುತ್ತಿತ್ತು, ಮೇಲೆ ಸರ್ಕಾರದ ಗುರುತು. ಅದನ್ನು ಪಾನಾದಿಂದ ಜಜ್ಜಿ, ತಂತಿಯನ್ನು ಕೈಯಿಂದಲೇ ಹರಿದ. ಬೆರಳು ಸುಟ್ಟಿತು. ಶ್ರೀಶೈಲಪ್ಪ ತಿರುಪನ್ನು ಹೊರಕ್ಕೆ ತಿರುವಿದ. ಒಮ್ಮೆ, ಇನ್ನೊಮ್ಮೆ, ಸಾಕೆಂದರೂ ಇನ್ನೊಮ್ಮೆ.

ಎಂಜಿನ್ನು ಗುಡುಗಿತು. ಏರು ಅವರ ಕೆಳಗೆ 'ಸರ್ರ'ನೆ ಹಿಂದಕ್ಕೆ ಹೋಯಿತು. ಸೈಕಲ್ಲಿನ ರೈತ ಹೊಗೆಯೊಳಗೆ ಮುಳುಗಿ, ಕೆಮ್ಮುತ್ತ, ಬೈಯುತ್ತ ಹಿಂದೆ ಉಳಿದ. ಬಸಂತರಾಯ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಲಾರಿಯ ಹಿಂದೆ ಕರಿಯ ಹೊಗೆ ಎದ್ದು ನಿಂತಿತ್ತು. ಗಾಳಿ ಇರಲಿಲ್ಲ, ಅದು ಕರಗಲಿಲ್ಲ. ಅವರು ಬಂದ ಹಾದಿಯನ್ನೆಲ್ಲ ಆಕಾಶದ ಮೇಲೆ ಗೆರೆ ಎಳೆದು ತೋರಿಸುತ್ತ ಬಂತು.

ಎರಡು ಹಳ್ಳಿ ದಾಟಿದರು. ಕಡೆಯ ಏರು ಹತ್ತಿದಾಗ ಕಂಡಿತು.

ದೂರದಲ್ಲಿ, ರಸ್ತೆ ಡೋಣಿಯ ಕಡೆ ಇಳಿಯಲು ಶುರುವಾಗುವ ನೆತ್ತಿಯಲ್ಲಿ, ಹಸಿರು ಬಣ್ಣದ ಹಳೆಯ ಲಾರಿ. ನಿಧಾನವಾಗಿ ಹೋಗುತ್ತಿತ್ತು. ಅದರಾಚೆ ಹೊಳೆ ಕೆಂಪಗೆ ಹೊಳೆಯುತ್ತಿತ್ತು. ನೆಲಸೇತುವೆಯ ಕಲ್ಲುಗೂಟಗಳ ತುದಿ ಮಾತ್ರ ನೀರ ಮೇಲೆ ಕಾಣುತ್ತಿತ್ತು. ಹೊಳೆ ಇಳಿಯಲೆಂದು ಕಾಯುವವರು ಈಚೆಗೂ ಇಲ್ಲ, ಆಚೆಗೂ ಇಲ್ಲ. ಮುದುಕ ನಿಧಾನವಾಗಿ ಹೋಗಿದ್ದು ಅದಕ್ಕೇ ಇರಬೇಕು.

ಲಾರಿಯ ಹಿಂಬದಿಯಲ್ಲಿ ಒಬ್ಬ ಎದ್ದು ನಿಂತ.

ಈ ಎಂಜಿನ್ನನ್ನು ತನ್ನ ಕೈಯಾರೆ ಕೂಡಿಸಿದವನು ಅವನು. ಅದರ ಹೊಗೆ ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಲಗೈ ಸರಪಳಿಗೆ ಸಿಕ್ಕಿದ್ದರಿಂದ ಎಡಗೈಯನ್ನು ಎತ್ತಿದ. ಮಣಿಕಟ್ಟಿನಿಂದ ಬಿಚ್ಚಿದ ಟವೆಲಿನ ತುಂಡನ್ನು ತಲೆಯ ಮೇಲೆ ಗಿರ್ರನೆ ತಿರುವಿದ, ಬರ್ರಿ, ಬರ್ರಿ ಎಂಬಂತೆ. ಪಕ್ಕದಲ್ಲಿ ಧರೆಪ್ಪನೂ ಎದ್ದು ಹಣೆಗೆ ಕೈ ಹಚ್ಚಿ ನೋಡಿದ.

“ನೋಡಿದ್ರು! ನಮ್ಮನ್ನ ನೋಡಿದ್ರು!” ದಾವಲಬಿ ಕೂಗಿದಳು.

“ಕೂಡ್ರೋ!” ಎಂದು ಬಸಂತರಾಯ ಕಿಟಕಿಯಿಂದ ಅರಚಿದ. “ಕೈ ಇಳಸೋ, ಕೂಡ್ರೋ!” ಎಂಜಿನ್ನಿನ ಗುಡುಗಿನಲ್ಲಿ ಅದು ಅವನ ಕಿವಿಗೇ ಕೇಳಿಸಲಿಲ್ಲ.

ಟವೆಲು ತಿರುಗುತ್ತಲೇ ಇತ್ತು.

ಹಸಿರು ಲಾರಿ ನೆತ್ತಿಯ ಮೇಲೆ ಇನ್ನಷ್ಟು ನಿಧಾನವಾಯಿತು. ಡ್ರೈವರನ ಬದಿಯ ಬಾಗಿಲು ತೆರೆಯಿತು. ನರೆತ ಮೀಸೆಯ ಮುದುಕನೊಬ್ಬ, ಅವಸರವಿಲ್ಲದೆ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಪ್ರತಿದಿನ ಇಳಿಯುವಂತೆಯೇ ಕೆಳಗಿಳಿದ.

ಲಾರಿ ನಿಲ್ಲಲಿಲ್ಲ.

ಇಳಿಜಾರು ಅದನ್ನು ಎಳೆದುಕೊಂಡಿತು. ಟವೆಲು ಹಿಡಿದ ಕೈ ನೆತ್ತಿಯ ಆಚೆಗೆ ಇಳಿಯುತ್ತ ಇಳಿಯುತ್ತ, ಇನ್ನೂ ಬೀಸುತ್ತಲೇ ಮರೆಯಾಯಿತು.

ಮಡಿವಾಳಪ್ಪ ರಸ್ತೆಯ ನಡುವೆ, ಬರುತ್ತಿದ್ದ ಕರಿ ಹೊಗೆಗೆ ಎದುರಾಗಿ ನಿಂತ. ಅವನ ಬಲಗೈಯಲ್ಲಿ ಏನೋ ಬಿಸಿಲಿಗೆ ಮಿಂಚಿತು. ಚಾವಿ ಕಿತ್ತುಕೊಂಡೇ ಇಳಿದಿದ್ದ.